ಉಡಚಮ್ಮನ ಕೆಂಡ

ಚನ್ನಗಿರಿಯಲ್ಲಿ ನಮ್ಮದು ಮೂರನೆಯ ವಾರ್ಡು. ಕೋಟೆಯವರು ನಮ್ಮನ್ನು ಪೇಟೆಯವರೆನ್ನುತ್ತಿದ್ದರು, ಪೇಟೆಯವರು ಕೋಟೆಯವರೆನ್ನುತ್ತಿದ್ದರು. ಎರಡರ ನಡುವೆ ಸಿಕ್ಕಿಕೊಂಡ ಆ ಒಂದೇ ಓಣಿಯಲ್ಲಿ ಅಡಿಕೆ ವ್ಯಾಪಾರದ ಲಿಂಗಾಯತರು, ಹತ್ತಿ ಹಿಂಜುವ ಪಿಂಜಾರರು, ಕುಂಬಾರರು, ಮನೆಯಲ್ಲಿ ಮರಾಠಿ ಮಾತಾಡುವ ಸಿಂಪಿಗರು, ಸಾಲದ್ದಕ್ಕೆ ಶಾಲೆಯ ಮೇಷ್ಟ್ರಾದ ನಮ್ಮಪ್ಪನ ಬ್ರಾಹ್ಮಣ ಸಂಸಾರ. ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಕುಡಿಯುತ್ತಿರಲಿಲ್ಲ. ಆದರೆ ಎಲ್ಲರ ಒಲೆಯೂ ಉರಿಯುತ್ತಿದ್ದುದು ಒಬ್ಬಳ ಬೆಂಕಿಯಿಂದ. ಅವಳೇ ಮಂಡಕ್ಕಿ ಭಟ್ಟಿಯ ಉಡಚಮ್ಮ.

ಅವಳ ತವರು ಜಗಳೂರು ಕಡೆಯ ಸೊಕ್ಕೆ. 1931ರಲ್ಲಿ ಮದುವೆಯಾಗಿ ನಮ್ಮೂರಿಗೆ ಬಂದಳು. ಗಂಡನ ಹೆಸರು ಗಿಡ್ಡಪ್ಪ, ಆಳು ಮಾತ್ರ ಬಾಗಿಲಿಗೆ ಹಣೆ ಬಡಿಯುವಷ್ಟು ಉದ್ದ. ಅವನು ಮಂಡಕ್ಕಿ ಚೀಲ ಗಾಡಿಗೆ ಹೇರಿಕೊಂಡು ಹೊನ್ನಾಳಿ, ನ್ಯಾಮತಿ ಸಂತೆಗಳಿಗೆ ಹೋಗುತ್ತಿದ್ದ. ಭಟ್ಟಿ ಇವಳ ಪಾಲು. ಕಾದ ಮರಳಿಗೆ ಅಕ್ಕಿ ಸುರಿದು ಕೈಯಾಡಿಸಿದಳೆಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಾಣಲೆ ತುಂಬ ಬೆಳ್ಳಗಿನ ಮಂಡಕ್ಕಿ. ಕೆಲಸ ಮುಗಿದ ಮೇಲೆ ಕೆಂಡಕ್ಕೆ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಕೆದಕಿ ಎಬ್ಬಿಸುತ್ತಿದ್ದಳು. ಬಂದ ದಿನ ಅತ್ತೆ ಒಪ್ಪಿಸಿದ ಬೆಂಕಿ ಅದು. ಹನ್ನೆರಡು ವರ್ಷ ಒಮ್ಮೆಯೂ ಆರಿರಲಿಲ್ಲ. ಅದೇ ಅವಳ ದೊಡ್ಡ ಜಂಬ. ಇರಲಿ, ಜಂಬ ಪಡುವಂಥದ್ದೇ.

ಯುದ್ಧ ಬಂದು ಅಂಗಡಿಗಳಲ್ಲಿ ಬೆಂಕಿಪೊಟ್ಟಣ ಮಾಯವಾಯಿತು. ಬೆಳಗಾದರೆ ಓಣಿಯ ಹೆಂಗಸರೆಲ್ಲ ಸಗಣಿಯ ಕುಳ್ಳು ಹಿಡಿದು ಭಟ್ಟಿಯ ಮುಂದೆ. ಉಡಚಮ್ಮ ಒಂದೊಂದು ಕುಳ್ಳಿನ ಮೇಲೂ ಒಂದು ಕೆಂಡ ಇಡುತ್ತಿದ್ದಳು. ಅದನ್ನು ಊದುತ್ತ ಊದುತ್ತ ಮನೆ ಸೇರಬೇಕು. ನಮ್ಮಮ್ಮ ಮೊದಲ ದಿನ ಕೆಂಡ ಇಸಿದುಕೊಂಡವಳೇ ಮಡಿಗೆಂದು ತಂಬಿಗೆಯಿಂದ ನೀರು ಚಿಮುಕಿಸಿದಳು. ಕೆಂಡ ಚೊಂಯ್ ಎಂದು ಕಪ್ಪಾಯಿತು.

"ಮಡಿ ಆತು ಬಿಡ್ರಿ ಅಮ್ಮಾರೆ, ಬೆಂಕಿನೂ ಹೋತು," ಎಂದಳು ಉಡಚಮ್ಮ.

ಓಣಿ ಒಂದು ವಾರ ನಕ್ಕಿತು. ಅಮ್ಮನೇನು ಬಿಡುವವಳೇ? ಮರುದಿನದಿಂದ ಒಂದೇ ಒಂದು ಹನಿ, ಅದೂ ಕುಳ್ಳಿನ ಅಂಚಿಗೆ.

1943ರಲ್ಲಿ ನಮ್ಮ ವಾರ್ಡಿನ ಸದಸ್ಯ, ಅಡಿಕೆ ವ್ಯಾಪಾರಿ ಬಸವರಾಜಪ್ಪ ಮಹಡಿ ಮನೆ ಕಟ್ಟಿಸಿ ಸುಣ್ಣ ಬಳಿಸಿದ. ಕೆಟ್ಟ ಮನುಷ್ಯನಲ್ಲ, ಸುಣ್ಣದ ಗೋಡೆಯ ಮೇಲೆ ಪ್ರಾಣ, ಅಷ್ಟೆ. ಭಟ್ಟಿಯ ಹೊಗೆ ಆ ಗೋಡೆಗೆ ಬಡಿದದ್ದೇ ತಡ, ಪುರಸಭೆಗೆ ದೂರು ಕೊಟ್ಟ. ಉಡಚಮ್ಮನಿಗೆ ನೋಟೀಸು ಬಂತು. ಓದಿ ಹೇಳಿದವರು ನಮ್ಮಪ್ಪ: ಭಟ್ಟಿಯನ್ನು ಕೆರೆಯ ಕೋಡಿಯಾಚೆ ಸಾಗಿಸುವ ಬಗ್ಗೆ ಸೋಮವಾರ ಹತ್ತು ಗಂಟೆಗೆ ವಿಚಾರಣೆ, ಸದಸ್ಯರು ಸ್ಥಳ ನೋಡಲು ಬರುವುದರಿಂದ ಆ ದಿನ ಭಟ್ಟಿ ತಣ್ಣಗಿರತಕ್ಕದ್ದು.

"ತಣ್ಣಗೆ ಅಂದ್ರೆ ಹೆಂಗ್ರಿ ಮೇಷ್ಟ್ರೆ?"

"ಬೆಂಕಿ ಇರಬಾರದು ಅಂತಮ್ಮ."

ಕೋಡಿಯಾಚೆ ಹೋದರೆ ಅವಳ ಬಾಳು ಮುಗಿದಂತೆಯೇ. ಮನೆ, ಬಾವಿ, ಗಿರಾಕಿ ಎಲ್ಲ ಇಲ್ಲೇ. ಅಲ್ಲಿ ಇದ್ದದ್ದು ಜಾಲಿಮುಳ್ಳು. ಹುಕುಂ ಮೀರಿದರೆ ಅದಕ್ಕೇ ತಪ್ಪು ಹಿಡಿದಾರೆಂದು ಭಾನುವಾರ ಸಂಜೆ ತಾನೇ ಕೊಡ ನೀರು ತಂದು ಸುರಿದಳು. ನಾನು ಅಲ್ಲೇ ಇದ್ದೆ. ಅಷ್ಟು ಗಟ್ಟಿ ಹೆಂಗಸು ಬಿಕ್ಕಿ ಬಿಕ್ಕಿ ಅತ್ತದ್ದನ್ನು ನೋಡಿ ನನಗೆ ಬಸವರಾಜಪ್ಪನ ಗೋಡೆಗೆ ಸಗಣಿ ಎರಚಿ ಬರುವಷ್ಟು ಸಿಟ್ಟು ಬಂದಿತ್ತು.

ಸೋಮವಾರ ಬೆಳಿಗ್ಗೆ ಹೆಂಗಸರು ಎಂದಿನಂತೆ ಕುಳ್ಳು ಹಿಡಿದು ಬಂದರು.

"ಹುಕುಂ ಆಗೈತೆ. ಇವತ್ತು ಕೆಂಡ ಇಲ್ರವ್ವ," ಎಂದಳು ಉಡಚಮ್ಮ. ಕಣ್ಣು ಊದಿಕೊಂಡಿದ್ದವು.

ಪಿಂಜಾರರ ಇಮಾಂಬಿ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಹಂಗಾದ್ರೆ ನಡೀರಿ, ಹುಕುಂ ಕೊಟ್ಟೋರತ್ರಾನೇ ಕೇಳಾಣ!"

ಪಕ್ಕದ ಕೇರಿಯಿಂದ ಬೆಂಕಿ ತರಬಹುದಿತ್ತು. ಯಾರೂ ತರಲಿಲ್ಲ. ಉಡಚಮ್ಮನನ್ನು ಮುಂದಿಟ್ಟುಕೊಂಡು ಹದಿನೇಳು ಹೆಂಗಸರು ಹೊರಟರು, ಜೊತೆಗೆ ಅಮ್ಮ ಮತ್ತು ನಾನು. ಮಹಡಿ ಮನೆಯ ಮುಂದೆ ಬಸವರಾಜಪ್ಪನ ತಾಯಿ ಸರ್ವಮಂಗಳಮ್ಮ ನಿಂತಿದ್ದರು, ಅವರ ಕೈಯಲ್ಲೂ ಕುಳ್ಳು. ದಿನವೂ ಅವರ ಮನೆಗೆ ಕೆಂಡ ಒಯ್ಯುತ್ತಿದ್ದವಳು ಕೆಲಸದಾಕೆ. ಅಂದು ಬರಿಗೈಯಲ್ಲಿ ಮರಳಿದ್ದಳು.

"ಬಿಸಿನೀರಿಲ್ದೆ ಸ್ನಾನ ಇಲ್ಲ, ಸ್ನಾನ ಇಲ್ದೆ ಪೂಜೆ ಇಲ್ಲ, ಪೂಜೆ ಇಲ್ದೆ ನಮ್ಮ ಬಸವರಾಜ ಬಾಯಿಗೆ ತುತ್ತು ಇಡಲ್ಲ. ಹಸ್ಕೊಂಡೇ ಹೋಗ್ಯಾನೆ," ಎಂದು ಅವರೂ ಸೇರಿಕೊಂಡರು.

ನಾವು ಪುರಸಭೆಯ ಕಚೇರಿಗೆ ಹೋದಾಗ ವಿಚಾರಣೆ ಶುರುವಾಗಿತ್ತು, ಬಸವರಾಜಪ್ಪ ಎದ್ದು ನಿಂತು ದೂರು ಓದುತ್ತಿದ್ದ. "ಈ ಭಟ್ಟಿಯಿಂದ ಯಾರಿಗೂ ಕಿಂಚಿತ್ತೂ ಉಪಯೋಗವಿಲ್ಲವೆಂದು ಓಣಿಯ ಸಮಸ್ತರ ಪರವಾಗಿ..."

"ಸಮಸ್ತರೂ ಇಲ್ಲೇ ಅದೀವಿ, ಕೇಳಪ್ಪ," ಎಂದರು ಬಾಗಿಲಲ್ಲಿ ನಿಂತ ತಾಯಿ.

"ಅವ್ವಾ, ನೀನ್ಯಾಕೆ ಇಲ್ಲಿಗೆ ಬಂದೆ?"

"ಕೆಂಡಕ್ಕೆ ಬಂದೀನಿ." ಸರ್ವಮಂಗಳಮ್ಮ ಕುಳ್ಳನ್ನು ಅಧ್ಯಕ್ಷರ ಮೇಜಿನ ಮೇಲೆ ಇಟ್ಟರು. "ವರ್ಷದ ಮೇಲಾತು, ನೀನು ಮೀಯೋ ನೀರು, ಉಣ್ಣೋ ರೊಟ್ಟಿ, ಎಲ್ಲಾ ಈ ಉಡಚವ್ವನ ಬೆಂಕೀಲೇ ಕಾದಿದ್ದು. ಗೊತ್ತೈತಾ ನಿನಗೆ?"

ಗೊತ್ತಿರಲಿಲ್ಲ. ಅವನ ಮುಖವೇ ಹೇಳುತ್ತಿತ್ತು. ಹಿಂದಿನಿಂದ ಒಬ್ಬೊಬ್ಬರಾಗಿ ಬಂದು ಮೇಜು ತುಂಬ ಕುಳ್ಳು ಪೇರಿಸಿದರು. ಅಧ್ಯಕ್ಷರ ಮಸಿಕುಡಿಕೆಗೂ ಜಾಗ ಉಳಿಯಲಿಲ್ಲ. ಬಸವರಾಜಪ್ಪ ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡ. "ದೂರು ವಾಪಸು ತಗಂತೀನಿ," ಎಂದ, ಸಣ್ಣ ದನಿಯಲ್ಲಿ. ಅಧ್ಯಕ್ಷರು ನಗು ತಡೆದುಕೊಂಡು ಆಜ್ಞೆ ಬರೆಸಿದರು: ಭಟ್ಟಿ ಇದ್ದಲ್ಲೇ ಇರತಕ್ಕದ್ದು, ಹೊಗೆಗೂಡನ್ನು ಮೂರು ಮೊಳ ಎತ್ತರಿಸತಕ್ಕದ್ದು, ಇಟ್ಟಿಗೆ ಬಸವರಾಜಪ್ಪನವರು ಕೊಡತಕ್ಕದ್ದು.

ಬೀದಿದೀಪಕ್ಕೆಂದು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟ ಬೆಂಕಿಪೊಟ್ಟಣವೊಂದಿತ್ತು. ಅಧ್ಯಕ್ಷರು ಅದನ್ನು ತರಿಸಿ ಉಡಚಮ್ಮನಿಗೆ ಕೊಟ್ಟರು. ಸರ್ವಮಂಗಳಮ್ಮ ಅವಳ ಕೈಯಿಂದ ತೆಗೆದು ಮಗನ ಅಂಗೈಗೆ ಹಾಕಿದರು. "ಆರಿಸ್ದೋನು ನೀನು. ಹಚ್ಚು ನಡಿ."

ಮೇಜಿನ ಮೇಲಿನ ಕುಳ್ಳು ಎತ್ತಿಕೊಂಡು ಓಣಿಗೆ ಓಣಿಯೇ ಹಿಂದೆ ಬಂತು. ಬಸವರಾಜಪ್ಪ ಬಿಳಿ ಪಂಚೆಯಲ್ಲೇ ಭಟ್ಟಿಯ ಮುಂದೆ ಮಂಡಿಯೂರಿದ. ಎರಡು ಕಡ್ಡಿ ಗಾಳಿಗೆ ಹೋದವು. ಮೂರನೆಯದಕ್ಕೆ ಉಡಚಮ್ಮ ಎರಡೂ ಕೈ ಮರೆಮಾಡಿ ಹಿಡಿದಳು. ತರಗು ಹತ್ತಿತು, ಸೌದೆ ಹತ್ತಿತು. ಇಮಾಂಬಿ ಹಾಕಿದ ಕೇಕೆ ಕೋಟೆಗೂ ಪೇಟೆಗೂ ಒಟ್ಟಿಗೇ ಕೇಳಿರಬೇಕು. ಅಳುವುದೋ ನಗುವುದೋ ತಿಳಿಯದೆ ಉಡಚಮ್ಮ ಎರಡನ್ನೂ ಮಾಡಿದಳು. ನಾವು ಗೆದ್ದಿದ್ದೆವು.

ಮೊದಲ ಕೆಂಡ ಸರ್ವಮಂಗಳಮ್ಮನವರಿಗೆ. ಸಾಲಿನ ಕೊನೆಗೆ ನಮ್ಮಮ್ಮ. ಕೆಂಡ ಇಸಿದುಕೊಂಡು, ತಂಬಿಗೆಯನ್ನು ನನ್ನ ಕೈಗೆ ದಾಟಿಸಿ, ಹಾಗೇ ಹೊರಟಳು.

"ಅಮ್ಮಾರೆ, ಹನಿ ಮರೆತ್ರಲ್ರೀ!" ಎಂದು ಉಡಚಮ್ಮ ಕೂಗಿದಳು.

"ಸುಮ್ನಿರೇ. ನಿನ್ನೆ ನೀನು ಹೊಯ್ದ ನೀರೇ ಸಾಕು," ಎಂದವಳು ಕೆಂಡ ಊದುತ್ತ ಊದುತ್ತ ಮನೆಯತ್ತ ಓಡಿದಳು.