ತಣ್ಣಗಿನ ಗಾಡಿಯ ಮೊದಲ ಮಾತು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಓಣಿಯ ಕೊನೆಯ ತಗಡಿನ ಶೆಡ್ಡಿನಲ್ಲಿ ಒಬ್ಬರು ಹಳೆಯ ಕಾರಿನೊಳಗೆ ಕಣ್ಣು ಮುಚ್ಚಿ ಕೂತಿದ್ದಾರೆ. ಎಂಜಿನ್ ಓಡುತ್ತಿದೆ, ಕಾಲು ಬ್ರೇಕಿನ ಮೇಲಿದೆ, ಅಂಗೈ ಗೇರಿನ ಹಿಡಿಯ ಮೇಲಿದೆ. ಗೇರು ಹಾಕಿದೊಡನೆ ಗಾಡಿ ಸಣ್ಣಗೆ ಮುಂದಕ್ಕೆ ಜಗ್ಗಬೇಕು. ಜಗ್ಗುವುದಿಲ್ಲ. ಬಹಳ ಹೊತ್ತಾದ ಮೇಲೆ, ನಿದ್ದೆಯಿಂದ ಎಬ್ಬಿಸಿದ ಮಗು ಗೊಣಗಿದ ಹಾಗೆ, ಒಂದು ಸಲ ಮಿಸುಕುತ್ತದೆ. ಅವರು "ಹೂಂ" ಎಂದು ಕೆಳಗಿಳಿಯುತ್ತಾರೆ.

ಕ್ಲಚ್ ಪೆಡಲ್ ಇಲ್ಲದ, ತಾವೇ ಗೇರು ಬದಲಿಸಿಕೊಳ್ಳುವ ಹಳೆಯ ಆಟೋಮ್ಯಾಟಿಕ್ ಕಾರುಗಳ ಗೇರ್‌ಬಾಕ್ಸ್ ರಿಪೇರಿ ಇವರ ಕಸುಬು. ಓಣಿಯವರು ಕರೆಯುವುದು ಎಣ್ಣೆ ಮಾಮ ಎಂದು. ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ. ಹೊಸಬರು ತಪ್ಪು ತಿಳಿದಾರೆಂದು ಹೆಂಡತಿಗೆ ಆ ಹೆಸರಿನ ಮೇಲೆ ಮುನಿಸು. ಗೇರ್‌ಬಾಕ್ಸಿನ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿ, ಬಣ್ಣ ನೋಡಿ, ಮೂಸಿ ರೋಗ ಹೇಳುವುದರಿಂದ ಬಂದ ಹೆಸರದು. ಬೆಳಗಿನ ಜಾವವೇ ಏಕೆ ಎಂದು ಕೇಳುತ್ತೇನೆ.

"ರಾತ್ರಿಯೆಲ್ಲ ನಿಂತು ತಣ್ಣಗಾಗಿರಬೇಕು ಸ್ವಾಮಿ. ಆಗ ಆಡೋ ಮೊದಲ ಮಾತೇ ನಿಜ. ಆಮೇಲೆ ಅದೂ ನಮ್ಮ ಹಾಗೇನೆ, ನಾಲ್ಕು ಜನರ ಮುಂದೆ ಸಾವರಿಸ್ಕೊಂಡುಬಿಡುತ್ತೆ."

ನನ್ನ ಮನೆಯಲ್ಲಿ ಹೆಂಡತಿಯ ದನಿ ನಿಂತುಹೋದ ಮೇಲೆ ನನಗೂ ಆ ಹೊತ್ತಿನಲ್ಲಿ ನಿದ್ದೆಯಿಲ್ಲ. ದೇವರಿಗೆ ಕೈಮುಗಿದು ನಡೆಯಲು ಹೊರಟರೆ ಕಾಲು ಈ ಶೆಡ್ಡಿನ ಮುಂದೆ ತಾನಾಗಿ ನಿಲ್ಲುತ್ತದೆ. ಒಂದು ಕಾಲದಲ್ಲಿ ಈ ಓಣಿಯ ಉದ್ದಕ್ಕೂ ಇಂಥ ಶೆಡ್ಡುಗಳಿದ್ದವು. ಸುತ್ತಿಗೆಯ ಸದ್ದಿಗೇ ಊರು ಏಳುತ್ತಿತ್ತು. ಈಗ ಅವುಗಳ ಜಾಗದಲ್ಲಿ ಫೋನಿನ ಅಂಗಡಿ, ಬಟ್ಟೆಯ ಅಂಗಡಿ. ಆಗ ದಿನಕ್ಕೆ ನಾಲ್ಕೈದು ಗಾಡಿ ಸರತಿ ನಿಲ್ಲುತ್ತಿದ್ದಲ್ಲಿ ಈಗ ವಾರಕ್ಕೊಂದು ಬಂದರೆ ಹೆಚ್ಚು.

ಈ ವಾರದ ಗಾಡಿ ಒಬ್ಬ ಟೈಲರಮ್ಮನದು. ಚಿಕ್ಕಂದಿನಿಂದ ಅವರ ಎಡಗಾಲಿಗೆ ಬಲವಿಲ್ಲ. ಒಂದೇ ಕಾಲಿನಲ್ಲಿ ಓಡಿಸಬಹುದೆಂದು ತಂದೆ ಹುಡುಕಿ ತಂದ ಕಾರು ಅದು. ಅಳತೆ ತೆಗೆಯಲು ಮನೆಮನೆಗೆ ಹೋಗುವುದು, ಬಟ್ಟೆ ಮುಟ್ಟಿಸುವುದು, ಎಲ್ಲ ಅದರಲ್ಲೇ. ಯಾರ ಹೆಗಲನ್ನೂ ಹಿಡಿಯದೆ ಬಾಗಿಲು ದಾಟುವುದು ಅವರಿಗೆ ಆ ಗಾಡಿಯಿಂದ ಮಾತ್ರ ಸಾಧ್ಯ.

ಹೋದ ತಿಂಗಳು ಅವರ ಅಣ್ಣ, ತಂಗಿಯ ಗಾಡಿಗೆ ಒಂದಿಷ್ಟು ಉಪಚಾರವಾಗಲಿ ಎಂದು, ಗೇರ್‌ಬಾಕ್ಸಿನ ಕಪ್ಪಿಟ್ಟ ಎಣ್ಣೆಯನ್ನು ಪೂರ್ತಿ ಹೊರಗೆ ತೆಗೆಸಿ, ಒಳಗೆಲ್ಲ ತೊಳೆಸಿ, ಹೊಸದು ತುಂಬಿಸಿದರು. ಮರುದಿನವೇ ಏರಿನ ನಡುವೆ ಕಾರು ಬರಿದೇ ಅರಚುತ್ತ ನಿಂತುಬಿಟ್ಟಿತು. ದೊಡ್ಡ ಗ್ಯಾರೇಜಿನವರು ನೋಡಿ, ಗುಜರಿಗೆ ಹಾಕಿ ಎಂದರಂತೆ. ಅಂದಿನಿಂದ ಟೈಲರಮ್ಮ ಮನೆ ಬಿಟ್ಟು ಕದಲಿಲ್ಲ. ಅಣ್ಣ ಸರಿಯಾಗಿ ಉಂಡಿಲ್ಲ.

ಶೆಡ್ಡಿನ ಬಾಗಿಲಲ್ಲಿ ನಿಂತು ಆತ ಕೇಳುತ್ತಾರೆ. "ನಾನೇ ಹಾಳು ಮಾಡಿದ್ನಾ, ಮಾಮ?"

ಎಣ್ಣೆ ಮಾಮ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾರೆ. "ಎಂಜಿನ್ ಬಲಾನ ಚಕ್ರಕ್ಕೆ ಮುಟ್ಟಿಸೋ ಪ್ಲೇಟುಗಳು ಮೊದಲೇ ಸವೆದಿದ್ವು ಕಣಪ್ಪ. ಸವೆದ ಪುಡಿ ಹಳೇ ಎಣ್ಣೇಲಿ ಸೇರ್ಕೊಂಡು, ಹೆಂಗೋ ಒಂದನ್ನೊಂದು ಹಿಡ್ಕೊಂಡಿದ್ವು. ನೀನು ತೊಳೆಸ್ದೆ, ಗುಟ್ಟು ಬಯಲಾಯ್ತು. ಪ್ರೀತಿ ಮಾಡೋಕೆ ಸ್ವಲ್ಪ ತಡವಾಯ್ತು, ಅಷ್ಟೆ."

ಹಾಳಾದದ್ದು ಏನೆಂದು ತಿಳಿದ ಮೇಲೂ ತೊಡಕು ಉಳಿಯುತ್ತದೆ. ಆ ಗಾಡಿಯ ಪ್ಲೇಟುಗಳು ಈಗ ಎಲ್ಲಿಯೂ ಸಿಗುವುದಿಲ್ಲ. ಎಣ್ಣೆ ಮಾಮ ಎರಡು ದಿನ ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಮರಳುತ್ತಾರೆ. ಮೂರನೆಯ ದಿನ ಶೆಡ್ಡಿನ ಮೂಲೆಯಲ್ಲಿ, ಹಳೆಯ ದುಪ್ಪಟಿ ಹೊದ್ದು ಕೂತಿರುವ ಒಂದು ಗೇರ್‌ಬಾಕ್ಸಿನ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾರೆ.

ಅದು ಇವರಿಗೆ ಕಸುಬು ಕಲಿಸಿದ ಮೇಸ್ತ್ರಿಯ ಸ್ವಂತ ಕಾರಿನದು, ಟೈಲರಮ್ಮನ ಕಾರಿನದೇ ಮಾದರಿ. ತಂದೆಯಿಲ್ಲದ ಹುಡುಗನಾಗಿ ಬಂದ ಇವರ ಅಂಗೈಯನ್ನು ಗೇರಿನ ಹಿಡಿಯ ಮೇಲಿಟ್ಟು, ಅದರ ಮೇಲೆ ತನ್ನ ಅಂಗೈ ಇಟ್ಟು, "ಗಾಡಿ ಮಾತಾಡೋವರೆಗೂ ನೀನು ಮಾತಾಡಬೇಡ" ಎಂದು ಕಲಿಸಿದವರು ಆತ. ಅದಕ್ಕೆ ಹೊಸ ಪ್ಲೇಟು ಕೂಡಿಸಿ ಕೆಲಸ ಮುಗಿಸಿದ ಸಂಜೆಯೇ ಮೇಸ್ತ್ರಿ ತೀರಿಕೊಂಡರು. ಆ ಗಾಡಿ ಮತ್ತೆ ಓಡಲಿಲ್ಲ. ಮಕ್ಕಳು ಅದನ್ನು ಗುಜರಿಗೆ ಹಾಕಿದಾಗ ಇವರು ಗೇರ್‌ಬಾಕ್ಸ್ ಒಂದನ್ನೇ ಕೇಳಿ ತಂದಿಟ್ಟುಕೊಂಡರು. ಕೂದಲು ನರೆತರೂ ಅದರ ಒಂದು ಬೋಲ್ಟನ್ನೂ ಸಡಿಲಿಸಿಲ್ಲ. ಮೇಸ್ತ್ರಿಯ ಕೈ ಕಡೆಯದಾಗಿ ಬಿಗಿದ ಬೋಲ್ಟುಗಳು ಅವು.

ಹೆಂಡತಿ ನೀರಿನ ಚೆಂಬು ತಂದಿಟ್ಟು ನಿಲ್ಲುತ್ತಾರೆ. ಚೆಂಬಿಗೆ ಅವರು ಕೈ ಚಾಚುವುದಿಲ್ಲ. ಕೊನೆಗೆ ಆಕೆಯೇ ಹೇಳುತ್ತಾರೆ. "ಅವರಿದ್ದಿದ್ರೆ ಇಷ್ಟು ಹೊತ್ತು ಯೋಚನೆ ಮಾಡ್ತಿದ್ರಾ?"

ಎಣ್ಣೆ ಮಾಮ ಗೇರ್‌ಬಾಕ್ಸಿನ ಪೆಟ್ಟಿಗೆಗೆ ಕೈಮುಗಿದು, ಬೋಲ್ಟು ಬಿಚ್ಚಲು ಪಾನಾ ಎತ್ತಿಕೊಳ್ಳುತ್ತಾರೆ.

ಮುಂದಿನ ಕೆಲಸ ದಂಪತಿಗಳಿಬ್ಬರದು. ಎಣ್ಣೆಗೆ ದಾರಿ ತೋರುವ ಲೋಹದ ಹಲಗೆಯಲ್ಲಿ ಸಾಸಿವೆಗಿಂತ ತುಸು ದೊಡ್ಡ ಉಕ್ಕಿನ ಗುಂಡುಗಳಿವೆ. ಒಂದು ತಪ್ಪಿದರೂ ಗಾಡಿ ಮಿಸುಕದು. ಆಕೆ ಅವನ್ನು ತೊಳೆದು, ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಬಿಚ್ಚಿದ ಸಾಲಿನಲ್ಲೇ ಜೋಡಿಸುತ್ತಾರೆ. ಒಂದು ಗುಂಡು ಉರುಳಿಹೋಗಿ ಗಂಡ ನೆಲಕ್ಕೆ ಕೆನ್ನೆ ಹಚ್ಚಿ ಹುಡುಕುವಾಗ, ತನ್ನ ಓಲೆ ಕಳೆದ ದಿನ ಈ ಮನುಷ್ಯ ಕುರ್ಚಿಯಿಂದ ಏಳಲೂ ಇಲ್ಲ ಎಂದು ನನಗೆ ದೂರು ಹೇಳುತ್ತಾರೆ. "ಓಲೆ ಇಲ್ದೆ ನೀನು ಓಡಾಡ್ತಿದ್ದೆಯಲ್ಲೇ" ಎಂದು ನೆಲದಿಂದ ಉತ್ತರ ಬರುತ್ತದೆ. ಮೇಸ್ತ್ರಿಯ ಪ್ಲೇಟುಗಳು, ಕಾಳು ನೆನೆಹಾಕಿದ ಹಾಗೆ, ರಾತ್ರಿಯಿಡೀ ಎಣ್ಣೆಯಲ್ಲಿ ನೆನೆಯುತ್ತವೆ.

ಅವನ್ನು ಜೋಡಿಸಿ ಮುಗಿಸಿದ ಗಾಡಿ ಇಂದು ತಣ್ಣಗೆ ನಿಂತಿದೆ. ಎಣ್ಣೆ ಮಾಮ ತಾವು ಪರೀಕ್ಷೆ ಮಾಡದೆ, ಅಣ್ಣನ ಹೆಗಲು ಹಿಡಿದು ಬಂದ ಟೈಲರಮ್ಮನಿಗೇ ಕೀಲಿ ಕೊಡುತ್ತಾರೆ. ಗಾಡಿ ಮೊದಲ ಮಾತು ಯಜಮಾನಿಯ ಹತ್ತಿರ ಆಡಲಿ ಎಂಬುದು ಅವರ ಲೆಕ್ಕ. ಆಕೆ ಬ್ರೇಕು ತುಳಿದು ಗೇರು ಹಾಕುತ್ತಾರೆ. ಬೆನ್ನ ಮೇಲೆ ಯಾರೋ ಮೆಲ್ಲಗೆ ಕೈಯಿಟ್ಟ ಹಾಗೆ ಗಾಡಿ ಮುಂದಕ್ಕೆ ಜಗ್ಗುತ್ತದೆ. ಟೈಲರಮ್ಮ ಕನ್ನಡಿ ಸರಿಮಾಡಿಕೊಳ್ಳುತ್ತಾರೆ. ಹತ್ತಲು ಬಂದ ಅಣ್ಣನಿಗೆ, ನೀನು ನಡೆದು ಬಾ ಎನ್ನುತ್ತಾರೆ. ಆತ ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾರೆ.

ಕಾರು ಓಣಿಯ ತಿರುವಿನಲ್ಲಿ ಮರೆಯಾಗುತ್ತದೆ. ಅದರಾಚೆಗೆ ಅಂದು ನಿಂತುಹೋದ ಏರು. ಎಣ್ಣೆ ಮಾಮ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು, ಕಿವಿಗೊಟ್ಟು ನಿಂತಿದ್ದಾರೆ. ಎಂಜಿನ್ನಿನ ಸದ್ದು ಭಾರವಾಗುತ್ತದೆ, ಒಂದು ಕ್ಷಣ ತಡೆಯುತ್ತದೆ, ಗೇರು ಬದಲಾಗಿ ಹಗುರಾಗುತ್ತದೆ. ಆಮೇಲೆ ಅದು ದೂರ, ದೂರ.

ಮೂಲೆಯ ಬರಿದಾದ ಪೆಟ್ಟಿಗೆಗೆ ಹೆಂಡತಿ ಮತ್ತೆ ದುಪ್ಪಟಿ ಹೊದಿಸುತ್ತಿದ್ದಾರೆ. ಎಣ್ಣೆ ಮಾಮ ಅತ್ತ ನೋಡುವುದಿಲ್ಲ.

"ಏರು ಹತ್ತಿದ್ರು ನಮ್ಮ ಮೇಸ್ತ್ರಿ" ಎನ್ನುತ್ತಾರೆ.