ನಿಮ್ಮ ತಾತ ಕಟ್ಟಿದ ಮುಡುಪು

ಆ ಕಾಲದಲ್ಲಿ ಹೆಂಗಸಾಗಿ ಅಷ್ಟು ಬೆಟ್ಟ ಹೇಗೆ ಹತ್ತಿದೆ ಎಂದು ನೀವು ಕೇಳುತ್ತಲೇ ಇರುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ನಾಚಿಕೆ. ಬರೆದರೆ ನೀವು ಓದುವಾಗ ನಾನು ಒಳಗಿದ್ದುಬಿಡಬಹುದು. ನಮ್ಮೂರ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಓದಿದವಳು ನಾನು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಿಮ್ಮ ತಾತ ಬೈರಕೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದರು. ಬೀಡಿಯಿಲ್ಲ, ಇಸ್ಪೀಟಿಲ್ಲ, ಅವರಿಗಿದ್ದದ್ದು ನಡೆಯುವ ಚಟ ಒಂದೇ. ಶನಿವಾರ ಮಧ್ಯಾಹ್ನ ಶಾಲೆಗೆ ಬೀಗ ಹಾಕಿದವರೇ ಹೆಗಲಿಗೆ ಕಂಬಳಿ ಎಸೆದುಕೊಂಡು ಹೊರಡುವರು. ಯಾವುದೋ ಬೆಟ್ಟದ ಬಂಡೆಯ ಮೇಲೆ ಮಲಗಿದ್ದು ಭಾನುವಾರ ಸಂಜೆ ಬರುವರು. ಮೇಷ್ಟ್ರ ಕಾಲಲ್ಲಿ ಚಕ್ರ ಇದೆ ಎಂದು ಊರವರು ನಗುತ್ತಿದ್ದರು.

ಮಾವನವರು ನಾನು ಆ ಮನೆಗೆ ಬರುವ ಮೊದಲೇ ಹೋಗಿದ್ದರು. ಇದ್ದವರು ಅತ್ತೆ, ಅವರು, ನಾನು, ಮೂರೇ ಜನ. ಆದರೂ ಮದುವೆಯಾಗಿ ಮೂರು ವರ್ಷವಾದರೂ ಹಗಲು ಹೊತ್ತು ಗಂಡನೊಡನೆ ನೆಟ್ಟಗೆ ಮಾತಾಡಿದವಳಲ್ಲ ನಾನು. ಅತ್ತೆಯ ಮುಂದೆ ಮಾತಾಡುವುದು ಆಗ ಮರ್ಯಾದೆಯಲ್ಲ. ಅವರಿಗೆ ಉಪ್ಪು ಬೇಕಾದರೆ ತಾಯಿಯನ್ನು ಕೇಳಬೇಕು, ಅತ್ತೆ ನನಗೆ ಹೇಳಬೇಕು, ನಾನು ತಂದಿಟ್ಟು ಒಳಗೆ ಹೋಗಬೇಕು.

ಒಂದು ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದೆ. ಅವರು ಹಸು ಬಿಚ್ಚಲು ಬಂದರು. ಅಲ್ಲಿಂದ ಮುಳಬಾಗಿಲು ಬೆಟ್ಟ ಕಾಣುತ್ತಿತ್ತು. ಅದೇನು ಧೈರ್ಯ ಬಂತೋ, "ಅದರ ಮೇಲೆ ಏನಿದೆ?" ಎಂದು ಕೇಳಿಬಿಟ್ಟೆ.

"ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ ಕಣೇ. ಬರ್ತೀಯಾ?" ಎಂದರು.

ಆಗ ನನಗೆ ನಗು ಬಂತು. ಮೇಷ್ಟ್ರು ಹೆಂಡತಿಯನ್ನು ಬೆಟ್ಟ ಸುತ್ತಿಸುವುದೆಂದರೇನು! ಆದರೆ ಅವರು ಮಾರನೆಯ ದಿನವೇ ಅರಿಶಿನ ಹಚ್ಚಿದ ಗಂಟೊಂದನ್ನು ತಂದು ದೇವರ ಗೂಡಿನಲ್ಲಿ ಇಟ್ಟರು. ನಮ್ಮ ಕಡೆ ಹರಕೆ ಹೊತ್ತವರು ಹೀಗೆ ಕಾಸೊಂದನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿಡುತ್ತಾರೆ. ಅದೇ ಮುಡುಪು. ಹರಕೆ ತೀರಿಸುವ ದಿನ ಅದನ್ನು ದೇವರಿಗೆ ಒಪ್ಪಿಸಬೇಕು.

ಅತ್ತೆಗೆ ಅನುಮಾನ ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಂ ರಾ ಇದಿ?" ಎಂದರು.

"ಹರಕೆ ಅಮ್ಮಾ. ಮನೇಲಿ ಮಗು ಆಡ್ಲಿ ಅಂತ. ಇಬ್ರೂ ನಡ್ಕೊಂಡು ಹೋಗ್ಬೇಕು."

"ಯಾವ ದೇವ್ರಿಗೋ?"

ಅವರು ಅದನ್ನು ಯೋಚಿಸಿಯೇ ಇರಲಿಲ್ಲ. "ಬೆಟ್ಟದ ದೇವ್ರಿಗೆ."

"ಯಾವ ಬೆಟ್ಟ?"

"ಎಲ್ಲಾ ಬೆಟ್ಟಾನೂ. ತಿಂಗಳಿಗೊಂದು, ಒಂದು ವರ್ಷ. ಯಾರ ಮನೆ ಸೂರಿನ ಕೆಳಗೂ ಮಲಗೋ ಹಂಗಿಲ್ಲ."

ಕೊನೆಯ ಮಾತು ಯಾಕೆಂದರೆ, ದಾರಿಯುದ್ದಕ್ಕೂ ಅತ್ತೆಯ ನೆಂಟರ ಮನೆಗಳಿದ್ದವು. ಒಬ್ಬರ ಮನೆಗೆ ಹೋದರೆ ಮೂರು ದಿನ ಬಿಡುವವರಲ್ಲ. ನಿಮ್ಮ ತಾತನಿಗೆ ಬೇಕಾಗಿದ್ದದ್ದು ಬಂಡೆ ಮತ್ತು ಆಕಾಶ. ಅತ್ತೆ ಗಂಟನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, "ಹೋಗ್ಬನ್ನಿ" ಎಂದರು.

ಮೊದಲ ಸಲ ಮುಳಬಾಗಿಲಿಗೆ ಎಂಟು ಮೈಲಿ. ಊರ ಗಡಿ ದಾಟುವವರೆಗೆ ಅವರು ಹತ್ತು ಮಾರು ಮುಂದೆ, ನಾನು ಹಿಂದೆ. ಹೊಂಗೆ ಹೂ ಬಿಟ್ಟ ಕಾಲ, ನೆಲವೆಲ್ಲ ಹೂವಿನ ಪುಡಿ. ಗಡಿಯ ಕಲ್ಲು ದಾಟಿದ ಮೇಲೆ ಅವರು ನಿಂತರು. ನಾನು ಪಕ್ಕಕ್ಕೆ ಬಂದೆ. ಮಾತು ಶುರುವಾಯಿತು. ಮೂರು ವರ್ಷದ್ದನ್ನೆಲ್ಲ ಕೂಡಿಟ್ಟಿದ್ದೆನೇನೋ, ನಿಲ್ಲಲೇ ಇಲ್ಲ. "ಏನೇ, ನಿನಗೆ ಇಷ್ಟೊಂದು ಮಾತು ಬರ್ತದಾ?" ಎಂದು ಅವರು ನಕ್ಕರು.

ಬೆಟ್ಟದ ಮೇಲೆ ಮೂರು ಕಲ್ಲು ಹೂಡಿ ಹುರಿಹಿಟ್ಟಿಗೆ ನೀರು ಕಾಯಿಸಿದೆ. ಸಂಜೆ ಬಂಡೆ ಇನ್ನೂ ಬೆಚ್ಚಗಿತ್ತು. ಬಿಸಿಲು ಹೋದ ಮೇಲೂ ಹಾಸುಬಂಡೆ ಬಹಳ ಹೊತ್ತು ಕಾವು ಇಟ್ಟುಕೊಳ್ಳುತ್ತದೆ. ಅದರ ಮೇಲೆ ಬೆನ್ನು ಇಟ್ಟಾಗ ಆಗುವ ಸುಖ ನನಗೆ ಯಾವ ಹಾಸಿಗೆಯಲ್ಲೂ ಸಿಕ್ಕಿಲ್ಲ.

ಮಾವಿನ ಕಾಲಕ್ಕೆ ಶ್ರೀನಿವಾಸಪುರದ ಕಡೆ ಹೋದೆವು. ತೋಪಿನ ಕಾವಲುಗಾರ ಸೆರಗು ತುಂಬ ಹಣ್ಣು ಕೊಟ್ಟ. ಹೊತ್ತು ನಡೆಯಲಾಗದೆ ದಾರಿಯಲ್ಲೇ ಕೂತು ಒಂಬತ್ತು ಹಣ್ಣು ತಿಂದದ್ದನ್ನು ಅತ್ತೆಗೆ ಹೇಳಲಿಲ್ಲ. ಕೋಲಾರದ ಹತ್ತಿರ ಜಟಕಾ ಸಾಬರೊಬ್ಬರು ಗಾಡಿ ನಿಲ್ಲಿಸಿ, "ಬಾಡಿಗೆ ಬ್ಯಾಡ ಮೇಷ್ಟ್ರೇ, ಅಮ್ಮನ್ನ ಹತ್ತಿಸಿ" ಎಂದರು. ಹರಕೆ ಎಂದೆವು. "ಕುದುರೆಗೆ ಹೇಳ್ಬೇಡಿ, ಅದೂ ಹರಕೆ ಹೊತ್ಕೊಂಡ್ರೆ ನನ್ನ ಗತಿ ಏನು?" ಎಂದು ಅವರು ಗಾಡಿ ಹೊಡೆದುಕೊಂಡು ಹೋದರು.

ಹಿಂದಿರುಗಿದಾಗಲೆಲ್ಲ ಅತ್ತೆ ನಮ್ಮ ಜೊತೆಗೇ ಕೂತು ಎರಡು ಮುದ್ದೆ ಉಣ್ಣುತ್ತಿದ್ದರು. ಮಿಕ್ಕ ದಿನ ಅವರದು ಒಂದೇ ಮುದ್ದೆ. ಸೊಸೆಯಿಲ್ಲದೆ ಕೆಲಸ ಹೆಚ್ಚಾಗಿ ಹಸಿದಿರಬೇಕು ಎಂದುಕೊಳ್ಳುತ್ತಿದ್ದೆ. ಗೂಡಿನಲ್ಲಿದ್ದ ಮುಡುಪು ದಿನ ಕಳೆದಂತೆ ಮಾಸುವ ಬದಲು ಹಳದಿಯಾಗಿ ಕಾಣುತ್ತಿತ್ತು. ಅದಕ್ಕೂ ನಾನು ಗಮನ ಕೊಡಲಿಲ್ಲ. ದೀಪ ಹಚ್ಚುವಾಗ ಅದನ್ನು ನೋಡಲು ನನಗೆ ಭಯವಾಗುತ್ತಿತ್ತು, ಅದಕ್ಕೆ.

ನನ್ನ ಸಂಕಟ ಅದೇ. ಮಗುವಿನ ಹೆಸರು ಹೇಳಿ ದೇವರಿಗೆ ಸುಳ್ಳು ಮುಡುಪು ಕಟ್ಟಿದ್ದೆವು. ತಿಂಗಳು ತಿಂಗಳೂ ನಾನು ಹೊರಗೆ ಕೂತಾಗ ಅತ್ತೆ ಏನೂ ಅನ್ನುತ್ತಿರಲಿಲ್ಲ, ಊಟದ ತಟ್ಟೆ ತಂದಿಟ್ಟು ಹೋಗುವರು. ಆಗೆಲ್ಲ ಒಂದೇ ಯೋಚನೆ. ಈ ಸುಳ್ಳಿಗೇ ನನ್ನ ಮಡಿಲು ತುಂಬದೆ ಉಳಿದರೆ?

ದಸರಾ ರಜೆಯಲ್ಲಿ ಮಾಲೂರು ಕಡೆಗೆ ಐದು ದಿನದ ನಡಿಗೆ. ಟೇಕಲ್ಲಿನ ಬೆಟ್ಟದ ಬುಡದಲ್ಲಿ ಮಳೆ ಹಿಡಿಯಿತು. ಎರಡು ಗುಂಡುಕಲ್ಲುಗಳ ಸಂದಿಯಲ್ಲಿ ಕಂಬಳಿ ಹೊದ್ದು ಕೂತೆವು. ನೀರು ಒಳಗೇ ಹರಿದು ಬಂತು.

"ಏಳು, ಅಲ್ಲಿ ಮನೆ ಕಾಣ್ತದೆ. ಜಗಲಿ ಮೇಲಾದ್ರೂ ಇರೋಣ" ಎಂದರು.

"ಸೂರಿನ ಕೆಳಗೆ ಮಲಗ್ಬಾರ್ದು ಅಂದೋರು ನೀವೇ."

"ಲೇ, ಅದು ಅಮ್ಮನಿಗೆ ಹೇಳಿದ ಮಾತು!"

"ದೇವ್ರಿಗೂ ಕೇಳಿಸ್ತಲ್ಲ" ಎಂದೆ. ಆಮೇಲೆ ತಡೆಯಲಾಗದೆ ಅತ್ತುಬಿಟ್ಟೆ. ಮನಸ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ.

ಅವರು ನಗಲಿಲ್ಲ. ಕಂಬಳಿಯನ್ನು ಪೂರ್ತಿ ನನ್ನ ಮೇಲೆ ಎಳೆದು ತಾವು ನೆನೆಯುತ್ತ ಕೂತರು. ಬೆಳಗಾದ ಮೇಲೆ ಬೆಟ್ಟ ಹತ್ತಿದಾಗ, ಯಾವ ಗುಡಿಯ ಮುಂದೆಯೂ ಕೈ ಮುಗಿಯದೆ ದೂರ ನೋಡುತ್ತ ನಿಲ್ಲುತ್ತಿದ್ದ ಮನುಷ್ಯ ಅಲ್ಲಿನ ಗುಡಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ದರು. "ಏನು ಕೇಳ್ಕೊಂಡ್ರಿ?" ಎಂದೆ. "ತಪ್ಪಾಯ್ತು ಅಂದೆ ಅಷ್ಟೇ" ಎಂದರು.

ಹನ್ನೆರಡನೆಯದು ಆವನಿ ಬೆಟ್ಟ. ಅಲ್ಲಿ ಸೀತಮ್ಮನ ಗುಡಿ, ಮಕ್ಕಳಿಲ್ಲದ ಹೆಂಗಸರು ಹೋಗುವ ಜಾಗ. ಬೇಸಗೆ ರಜೆ ಶುರುವಾಗಿತ್ತು. ಹೊರಡುವ ಬೆಳಿಗ್ಗೆ ನೋಡಿದರೆ ಅತ್ತೆ ಸೀರೆ ಎತ್ತಿ ಕಟ್ಟಿ, ಮುಡುಪನ್ನು ಮಡಿಲಲ್ಲಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ.

"ಮುಡುಪು ಒಪ್ಪಿಸೋ ದಿನ ಮನೆ ಹಿರಿಯೋಳು ಬೇಡ್ವಾ?" ಎಂದರು.

ಹದಿನೈದು ಮೈಲಿಯಲ್ಲಿ ನಾವು ಮೂವರೂ ಹೆಚ್ಚು ಮಾತಾಡಲಿಲ್ಲ. ಅತ್ತೆ ಮುಂದೆ, ನಾವಿಬ್ಬರು ಹಿಂದೆ. ದಾರಿಯಲ್ಲಿ ಮಂಟಪವೊಂದರ ಹೊರಗೆ ಕಂಬಳಿ ಹಾಸಿ ಮಲಗಿದೆವು. ನಾವು ತಿಂದರೂ ಅತ್ತೆ ಬರೀ ನೀರು ಕುಡಿದರು, "ಹಸಿವಿಲ್ಲ" ಎಂದರು. ಮಾರನೆಯ ದಿನ ಕೊಳದಲ್ಲಿ ಮಿಂದು ಮೆಟ್ಟಿಲು ಹತ್ತಿದೆವು. ಗುಡಿ ಕಂಡೊಡನೆ ನನ್ನ ಕಾಲು ನಿಂತುಹೋಯಿತು. ಸುಳ್ಳಿನ ಗಂಟನ್ನು ಆ ತಾಯಿಯ ಮುಂದೆ ಇಡುವುದು ಹೇಗೆ? ನೀರು ತುಂಬಿಕೊಳ್ಳಲು ಹಿಂದುಳಿದ ನಿಮ್ಮ ತಾತ ಇನ್ನೂ ಕೆಳಗಿದ್ದರು.

"ಅತ್ತೆ, ಅದನ್ನ ಕೊಡ್ಬೇಡಿ. ಅದು ಹರಕೆ ಅಲ್ಲ. ನನ್ನ ಕರ್ಕೊಂಡು ತಿರುಗೋಕೆ ಅಂತ ಅವ್ರು ಸುಮ್ನೆ ಕಟ್ಟಿದ್ದು. ನಾನೂ ಗೊತ್ತಿದ್ದೇ ಬಂದೆ" ಎಂದು ಅಳುತ್ತ ಹೇಳಿದೆ.

ಅತ್ತೆ ಮೆಟ್ಟಿಲ ಮೇಲೆ ಕೂತು ಕಾಲು ಒತ್ತಿಕೊಂಡರು.

"ಗೊತ್ತು ಬಿಡೇ. ಬೋರ್ಡು ಒರೆಸೋ ಬಟ್ಟೇಲಿ ಯಾರಾದ್ರೂ ಮುಡುಪು ಕಟ್ತಾರಾ? ಅರಿಶಿನದ ಜೊತೆ ಸೀಮೆಸುಣ್ಣ ಉದುರ್ತಿತ್ತು. ಗಂಟು ನೋಡಿದ್ರೆ ಹಸು ಕಟ್ಟೋ ಗಂಟು."

ನಾನು ಅವರ ಮಡಿಲಲ್ಲಿದ್ದ ಗಂಟನ್ನು ನೋಡಿದೆ.

"ಸುಳ್ಳು ಮುಡುಪು ದೇವ್ರ ಗೂಡಲ್ಲಿ ಇರಬಾರ್ದು. ಅದಕ್ಕೆ ನೀವು ಹೋದ ಮೊದಲನೇ ಶನಿವಾರಾನೇ ಸ್ನಾನ ಮಾಡಿ, ನನ್ನ ಧಾರೆ ಸೀರೆ ತುಂಡಲ್ಲಿ ನಾನೇ ಕಟ್ಟಿಟ್ಟೆ. ನೀವು ನಡೆದಿದ್ದು ನಿಮಗೆ. ನೀವು ಆಚೆ ಇದ್ದ ದಿನ ಒಪ್ಪೊತ್ತು ಇದ್ದಿದ್ದು ನಾನು. ಹರಕೆ ನಂದೇ, ಸುಳ್ಳಲ್ಲ."

ಎರಡು ಮುದ್ದೆಯ ಅರ್ಥ ಆಗ ತಿಳಿಯಿತು. "ಮಗು ಕೇಳ್ಕೊಂಡ್ರಾ ಅತ್ತೆ?" ಎಂದೆ.

"ಅದನ್ನೂ ಕೇಳ್ದೆ, ಇಲ್ಲ ಅನ್ನಲ್ಲ. ಮೊದಲು ಕೇಳಿದ್ದು ಬೇರೆ. ಗಡಿಕಲ್ಲಿನ ಹತ್ರ ನೀವಿಬ್ರೂ ನಿಂತ್ಕೋತಿದ್ರಲ್ಲ, ಹಿತ್ತಲಿಂದ ಕಾಣ್ತದೆ. ನಿನ್ನ ಕೈ ಆಡೋದು ನೋಡಿದ್ರೇ ಗೊತ್ತಾಗ್ತಿತ್ತು, ಮಾತಾಡ್ತಿದೀಯ ಅಂತ. ಅದು ನಿಲ್ಲದೇ ಇರ್ಲಿ ಅಂದೆ."

ನಿಮ್ಮ ತಾತ ಏದುಸಿರು ಬಿಡುತ್ತ ಮೇಲೆ ಬಂದರು. ನನ್ನ ಅತ್ತ ಮುಖ, ತಾಯಿಯ ಮುಖ ನೋಡಿ ಅಲ್ಲೇ ನಿಂತರು.

"ಏನಮ್ಮಾ?"

"ಏನಿಲ್ಲ. ಬೋರ್ಡು ಒರೆಸೋಕೆ ಈಗ ಏನ್ ಇಟ್ಕೊಂಡಿದೀಯೋ?" ಎಂದರು ಅತ್ತೆ. ಅಷ್ಟಕ್ಕೇ ಅವರ ಕಿವಿ ಕೆಂಪಾಯಿತು.

ಮೂವರೂ ಒಳಗೆ ಹೋದೆವು. ಅತ್ತೆ ಗಂಟು ಬಿಚ್ಚಿ ಕಾಸನ್ನು ಸೀತಮ್ಮನ ಮುಂದೆ ಇಟ್ಟರು. ಬಟ್ಟೆಯನ್ನು ಮಾತ್ರ ಕೊಡಲಿಲ್ಲ. ಹೊರಗೆ ಬಂದು ಬಂಡೆಯ ಮೇಲೆ ಕೂತು, ನನ್ನ ಕೈಯಿಂದ ಹುರಿಹಿಟ್ಟಿನ ಉಂಡೆ ಇಸಿದುಕೊಂಡು ನಿಧಾನವಾಗಿ ತಿಂದರು. ಇನ್ನೊಂದು ಕೊಡು ಎಂದು ಕೈ ಚಾಚಿದರು. ತಿನ್ನುತ್ತಲೇ ನಂಗಲಿಯ ಆಚೆ ನೀಲಿಯಾಗಿ ಕಾಣುತ್ತಿದ್ದ ಸಾಲಿನ ಕಡೆ ಬೆರಳು ಮಾಡಿದರು.

"ಅದಿ ಏ ಕೊಂಡ ರಾ?"

"ಅದು ಆಚೆ ಸೀಮೆ ಬೆಟ್ಟ ಅಮ್ಮಾ. ಅಲ್ಲಿಗೆ ನಾವು ಹೋಗಿಲ್ಲ."

ಅತ್ತೆ ಹಳದಿ ಬಟ್ಟೆಯನ್ನು ಮೊಣಕಾಲ ಮೇಲೆ ಹರಡಿ, ಸುಕ್ಕು ತೀಡಿ, ನಾಲ್ಕಾಗಿ ಮಡಿಸಿ ನನ್ನ ಕೈಯಲ್ಲಿಟ್ಟರು.

"ಈ ಸಲ ನೀನು ಕಟ್ಟು. ಅವನಿಗೆ ಗಂಟು ಹಾಕೋಕೆ ಬರಲ್ಲ."