ಕುಪ್ಪಮ್ಮನ ಕೆಂಪು ಅಂಚು

ನಮ್ಮ ಅತ್ತೆ ಕುಪ್ಪಮ್ಮನವರ ಬಾಯಿಗೆ ತಮಿಳು ಸೀಮೆಯ ನಮ್ಮ ಸೋಮನೂರಿನ ಮಗ್ಗಗಳೇ ಹೆದರುತ್ತಿದ್ದವು ಎಂದರೆ, ಸೊಸೆ ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗಗಳು ಒಟ್ಟಿಗೆ ಬಡಿಯುವಾಗ ಎಲ್ಲರೂ ಕೈಸನ್ನೆಯಲ್ಲಿ ಮಾತಾಡಿದರೆ, ಇವರೊಬ್ಬರು ಬಾಯಲ್ಲೇ ಮಾತಾಡುತ್ತಿದ್ದರು, ಅದೂ ಆಚೆ ಬೀದಿಗೆ ಕೇಳುವ ಹಾಗೆ. ಮಂಡಿನೋವು ಬಂದು ಮಗ್ಗ ಬಿಟ್ಟ ಮೇಲೆ ಆ ಬಾಯಿ ಪೂರ್ತಿ ನನ್ನ ಪಾಲಿಗೆ ಬಂತು.

ಶೆಡ್ಡು ಅವರ ತಮ್ಮ ನಂಜಪ್ಪನ್‌ದು. ನಂಜಪ್ಪನ್ ಮಗ ವೆಲ್ಲಿಂಗಿರಿ ತಾಯಿಯಿಲ್ಲದ ಹುಡುಗ, ಅವನನ್ನು ಸಾಕಿದ್ದು ನಮ್ಮತ್ತೆ. ನನ್ನ ಗಂಡ ಅವರ ಹೊಟ್ಟೆಯಲ್ಲೇ ಹುಟ್ಟಿದವನು, ಆದರೂ ತುಪ್ಪ ಮಾತ್ರ ವೆಲ್ಲಿಂಗಿರಿಯ ಎಲೆಗೇ ಬೀಳುತ್ತಿತ್ತು. ನಾನು ಅದನ್ನು ಹೇಳಿದರೆ, "ನಿನ್ನ ಗಂಡ ತಿಂದು ಉರುಳ್ತಾವ್ನೆ, ಸಾಕು ಹೋಗು" ಅನ್ನುತ್ತಿದ್ದರು.

ಹುಡುಗನಿಗೆ ಮಗ್ಗ, ನಮ್ಮೂರ ಮಾತಿನಲ್ಲಿ ತರಿ, ಒಗ್ಗಲಿಲ್ಲ. ಪೋತ್ತನೂರಿನ ಒಂದು ವರ್ಕ್‌ಶಾಪು ಸೇರಿದ. ಅಲ್ಲಿಯವರು ಹಳೆ ಕಾರಿನ ಎಂಜಿನ್ನು ಕಿತ್ತು, ಕೊಳವೆಗಳನ್ನು ಬೆಸೆದು, ಒಬ್ಬನೇ ಕೂರುವ ರೇಸ್ ಕಾರು ಮಾಡಿದ್ದರು. ಊರಾಚೆ ಹಿಂದೆ ವಿಮಾನ ಇಳಿಯುತ್ತಿದ್ದ ಬಯಲಿನಲ್ಲಿ ಎಳೆಯ ಹುಡುಗರಿಗೆಂದೇ ಅಂಥ ಕಾರುಗಳ ಚಾಂಪಿಯನ್‌ಶಿಪ್ಪು ನಡೆಯುತ್ತಿತ್ತು. ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ವೆಲ್ಲಿಂಗಿರಿ ಅದಕ್ಕೆ ಇಳಿದ.

ಅತ್ತೆ ಕಾರನ್ನು ಸುತ್ತಿ ಸುತ್ತಿ ನೋಡಿದರು.

"ಒಂದೇ ಸೀಟಾ? ಥೂ! ನಾಳೆ ಕಟ್ಕೊಂಡವಳನ್ನ ಎಲ್ಲಿ ಕೂರ್ಸ್ತೀಯಾ ಡೇ? ಮ್ಯಾಲೆ ಮುಚ್ಚಳಾನೂ ಇಲ್ಲ. ಸೋರೆಕಾಯಿಗೆ ಚಕ್ರ ಸಿಕ್ಸಿದಂಗೈತೆ!"

ಹೀಗೆಂದ ಹೆಂಗಸು ಎರಡನೇ ರೇಸಿಗೆ ಮಜ್ಜಿಗೆ ತುಂಬಿದ ತೂಕುಪಾತ್ರೆ ಹಿಡಿದು ಹಗ್ಗದ ಪಕ್ಕ ಮೊದಲ ಸಾಲಿನಲ್ಲಿ ಕುಳಿತಿದ್ದರು. ಪಕ್ಕದವರಿಗೆ ಯಾವ ಕಾರು ಯಾರದೆಂದು ಪಾಠ ಬೇರೆ. ಆ ದಿನ ನನ್ನ ಕಿವಿಗೆ ರಜೆ.

ಕೊನೆಯ ರೇಸು ಬರುವ ಹೊತ್ತಿಗೆ ಇಬ್ಬರು ಅಂಕಗಳಲ್ಲಿ ಸಮಸಮ ನಿಂತರು: ನಮ್ಮ ವೆಲ್ಲಿಂಗಿರಿ ಮತ್ತು ಪೋತ್ತನೂರಿನ ರೈಲ್ವೆ ಫಿಟ್ಟರ್ ಮಗ ಕರುಪ್ಪಸಾಮಿ. ಅದನ್ನು ಗೆದ್ದವನಿಗೇ ಚಾಂಪಿಯನ್‌ಶಿಪ್ಪಿನ ಕಪ್. ನಂಜಪ್ಪನ್ ಊಟಕ್ಕೆ ಕೂತಾಗ ಮಗನಿಗೆ ಖಡಾಖಂಡಿತ ಹೇಳಿಬಿಟ್ಟ.

"ಕಪ್ ತಂದ್ರೆ ಇನ್ನೊಂದು ವರ್ಷ ಕಾರು ಓಟ್ಟು. ಇಲ್ಲಾಂದ್ರೆ ಸೋಮವಾರದಿಂದ ತರಿ ಮುಂದೆ ನಿಲ್ಲು. ನಂಗೆ ಆಳು ಸಿಕ್ಕಲ್ಲ, ಆಮಾ!"

ಹುಡುಗ ಅನ್ನ ಬಿಟ್ಟು ಎದ್ದ. ಅತ್ತೆ ತಮ್ಮನ ಮೇಲೆ ಎಗರಿದರು. ಆದರೆ ಅವನು ಹಿಡಿದ ಪಟ್ಟು ಬಿಡುವ ಆಸಾಮಿಯಲ್ಲ; ಅವರದೇ ರಕ್ತ ನೋಡಿ.

ಆ ವಾರವೇ ಧಾರಾಪುರದಿಂದ ಮಾರಪ್ಪನ್ ಬಂದ. ನಮ್ಮ ಬಟ್ಟೆ ಕೊಳ್ಳುವ ವ್ಯಾಪಾರಿ, ಮನೆಯಲ್ಲಿ ನಮ್ಮ ಹಾಗೇ ಕನ್ನಡ ಮಾತಾಡುವವನು. ರೇಸಿನ ಹುಚ್ಚು ಹಿಡಿದು ಬಾವುಟ ಬೀಸುವ ಕೆಲಸ ವಹಿಸಿಕೊಂಡಿದ್ದ. ರೇಸು ಮುಗಿದಾಗ ಬೀಸುವ ಕಪ್ಪು ಬಿಳಿ ಚೌಕದ ಬಾವುಟವನ್ನು ಇಲಿ ತಿಂದಿತ್ತಂತೆ. "ಕುಪ್ಪಕ್ಕ, ನೀವೇ ಒಂದು ಮಾಡ್ಕೊಡಿ" ಎಂದ.

ಅತ್ತೆ ಕಪ್ಪು ಬಿಳಿ ಚೂರುಗಳನ್ನು ಕತ್ತರಿಸಿ, ಒಂದಕ್ಕೊಂದು ಕೂಡಿಸಿ ಹೊಲಿದರು. ಮುಗಿದ ಮೇಲೆ ನೋಡಿ ಮುಖ ಸಿಂಡರಿಸಿದರು. ನೇಕಾರರ ಮನೆ ನಮ್ಮದು. ಅಂಚಿಲ್ಲದ ಬಟ್ಟೆ ಹೆಣಕ್ಕೆ ಮಾತ್ರ ಎಂದು ನಂಬಿದವರು ನಾವು. ಅದರಲ್ಲೂ ಇದು ಕಪ್ಪು ಬಟ್ಟೆ, ಅದನ್ನು ಬೀಸುವುದು ಎಳೆ ಮಕ್ಕಳ ಮುಂದೆ! "ಸಾಮಿ, ಬ್ಯಾಡಪ್ಪ" ಎಂದು ಕೆನ್ನೆ ಬಡಿದುಕೊಂಡು, ಸುತ್ತಲೂ ಅಂಗೈಯಗಲ ಕುಂಕುಮಗೆಂಪಿನ ಸೀರೆಯಂಚು ಹೊಲಿದರು. ವೆಲ್ಲಿಂಗಿರಿ ಪಕ್ಕದಲ್ಲೇ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟ. ರೇಸಿನ ದಿನ ಅದನ್ನು ಬಿಡಿಸಿ ನೋಡಿದ ಮಾರಪ್ಪನ್ ಕಣ್ಣಿಗೊತ್ತಿಕೊಂಡು, "ಈಗ ಲಕ್ಷಣವಾಯ್ತು!" ಎಂದ. ರೇಸಿನಲ್ಲಿ ಕೆಂಪು ಬಾವುಟ ಕಂಡರೆ ಅಪಾಯ, ಕಾರು ನಿಲ್ಲಿಸಬೇಕು ಎಂಬುದು ಆ ಮಹಾನುಭಾವನಿಗೆ ಗೊತ್ತಿತ್ತು. ಆದರೆ ಅಂಚನ್ನು ಯಾರಾದರೂ ಬಾವುಟ ಅಂದುಕೊಳ್ಳುತ್ತಾರೆಯೇ? ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಯ ತಿರುವಿನಲ್ಲಿ ಕರುಪ್ಪಸಾಮಿ ಮುಂದೆ, ವೆಲ್ಲಿಂಗಿರಿ ಎರಡು ಕಾರಿನಷ್ಟು ಹಿಂದೆ. ಅತ್ತೆ ನನ್ನ ತೋಳು ಹಿಂಡುತ್ತಿದ್ದರು. ಮಾರಪ್ಪನ್ ಹೊಸ ಬಾವುಟವನ್ನು ಮೈಮೇಲೆ ದೇವರು ಬಂದವನಂತೆ ಬೀಸಿದ. ಅಷ್ಟೇ! ಕರುಪ್ಪಸಾಮಿ ಕೈ ಮೇಲೆತ್ತಿದ, ಕಾರು ನಿಧಾನವಾಯಿತು. ವೆಲ್ಲಿಂಗಿರಿ ಸುಯ್ಯೆಂದು ಪಕ್ಕದಲ್ಲೇ ದಾಟಿ ಗೆರೆ ಮುಟ್ಟಿದ.

ನಾವು ಕುಣಿದೆವು. ಮಜ್ಜಿಗೆ ಅರ್ಧ ನನ್ನ ಸೀರೆಯ ಮೇಲೆ. ನಂಜಪ್ಪನ್ ಕೂಡ ಟವೆಲು ಬೀಸಿದ.

ಅಷ್ಟರಲ್ಲಿ ಅತ್ತ ಜಗಳ ಹತ್ತಿತು. ಹಿರಿಯ ಅಧಿಕಾರಿಗಳು ಬಾವುಟ ತಿರುಗಿಸಿ ನೋಡಿದರು. ಚೌಕಗಳು ಸರಿಯಾಗಿವೆ, ಅಂಚಿನ ಬಗ್ಗೆ ನಿಯಮ ಏನೂ ಹೇಳುವುದಿಲ್ಲ, ಗೆರೆ ಮೊದಲು ದಾಟಿದವನೇ ಮೊದಲು ಎಂದರು. ಕರುಪ್ಪಸಾಮಿ ಟೈರಿನ ಮೇಲೆ ಕೂತು ಅಳುತ್ತಿದ್ದ. ಅತ್ತೆ ಅವನ ಬಳಿ ಹೋಗಿ ತಮಿಳಿನಲ್ಲಿ, ಯಾಕಪ್ಪ ಕಾರು ನಿಧಾನ ಮಾಡಿದೆ ಎಂದು ಕೇಳಿದರು. ಕೆಂಪು ಕಂಡಿತು ಅಜ್ಜಿ, ಮುಂದೆ ಯಾರೋ ಬಿದ್ದಿರಬೇಕು, ಮೇಲೆ ಹತ್ತಿಸಿಬಿಟ್ಟರೆ ಅಂತ ಹೆದರಿದೆ ಎಂದ.

ಅತ್ತೆ ವೆಲ್ಲಿಂಗಿರಿಯತ್ತ ತಿರುಗಿದರು. "ನಿಂಗೆ ಕೆಂಪು ಕಾಣ್ಲಿಲ್ವಾ ಡೇ?"

"ಕಾಣ್ತು ಅತ್ತೆ. ನಿಮ್ಮ ಅಂಚು ನಂಗೆ ತಿಳೀದಾ?"

ಅತ್ತೆ ನೆಟ್ಟಗೆ ಅಧಿಕಾರಿಗಳ ಮೇಜಿನತ್ತ ಹೊರಟರು.

ವೆಲ್ಲಿಂಗಿರಿ ಅವರ ಸೆರಗು ಹಿಡಿದುಕೊಂಡ. "ಅತ್ತೆ, ಬ್ಯಾಡ. ಸೋಮವಾರ ನಾನು..."

"ಗೊತ್ತು ಕಣ್ಣು," ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಅವ ಒಬ್ಬನ್ನ ಉಳ್ಸಕ್ಕೆ ನಿಂತ. ನೀ ಅದ್ನ ನೋಡಿ ದಾಟ್ದೆ. ಇದು ನಮಗೆ ದಕ್ಕಲ್ಲ."

ಸೆರಗು ಬಿಡಿಸಿಕೊಂಡು ಹೋಗಿ, ತಪ್ಪು ನನ್ನದು, ನನ್ನ ಹುಡುಗನಿಗೆ ಅಂಚಿನ ವಿಷಯ ಗೊತ್ತಿತ್ತು, ಆ ಹುಡುಗನಿಗೆ ಗೊತ್ತಿರಲಿಲ್ಲ ಎಂದು ಬಯಲಿಗೆಲ್ಲ ಕೇಳುವ ಹಾಗೆ ಹೇಳಿದರು. ಅಧಿಕಾರಿಗಳು ತೀರ್ಪು ಬದಲಿಸಿದರು, ಕೊನೆಯ ತಿರುವಿನಲ್ಲಿ ಮುಂದಿದ್ದ ಕರುಪ್ಪಸಾಮಿಗೇ ಕಪ್ ಹೋಯಿತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ವೆಲ್ಲಿಂಗಿರಿ ಕಿಟಕಿ ಕಡೆ ಮುಖ ಮಾಡಿದವನು ನಮ್ಮತ್ತ ತಿರುಗಲಿಲ್ಲ. ನನಗೂ ಅತ್ತೆಯ ಮೇಲೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ.

ಸೋಮವಾರ ಬೆಳಿಗ್ಗೆ ಹುಡುಗ ಹೋಗಿ ಮಗ್ಗದ ಮುಂದೆ ನಿಂತ. ಹಿಂದೆಯೇ ಅತ್ತೆ ಬಂದರು, ಸೀರೆ ಎತ್ತಿ ಕಟ್ಟಿ, ಮಂಡಿಗೆ ಬಟ್ಟೆ ಬಿಗಿದುಕೊಂಡು. ಅವನನ್ನು ಆಚೆ ತಳ್ಳಿದರು.

ನಂಜಪ್ಪನ್ ಓಡಿ ಬಂದ. "ಅಕ್ಕ, ಏನಿದು?"

"ನಿಂಗೆ ಬೇಕಾದ್ದು ಆಳು ತಾನೆ? ಕಪ್ ಕಳ್ದವಳು ನಾನು, ಅವನಲ್ಲ. ಈ ತರಿ ನಂದು. ಅವನು ಪೋತ್ತನೂರಿಗೆ ಹೋಗ್ಲಿ."

"ಮಂಡಿ ಹೋಗ್ಬಿಡ್ತೈತೆ ಅಕ್ಕ!"

"ಹೋದ್ರೆ ನಂದು ಹೋಗ್ತೈತೆ. ನೀ ಯಾಕೆ ಕುಂಟ್ತೀಯಾ?"

ನಂಜಪ್ಪನ್ ತಲೆ ಕೆರೆದುಕೊಂಡು "ಶರಿ" ಎಂದ. ಅತ್ತೆ ಮಗ್ಗ ಚಾಲೂ ಮಾಡಿದರು. ಶೆಡ್ಡು ನಡುಗಿತು. ವೆಲ್ಲಿಂಗಿರಿ ಅವರ ಕಾಲಿಗೆ ಬಿದ್ದು ಅಳುತ್ತಾ ಏನೋ ಹೇಳಿದ, ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವರು ನೂಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ, ಮಗ್ಗ ನಿಲ್ಲಿಸಲೂ ಇಲ್ಲ.

"ಬಸ್ಸು ಬಂದೋಯ್ತೈತೆ, ಓಡೋ!" ಎಂದು ಕೂಗಿದರು.